ಫೋನಿನಲ್ಲಿ ತೆರೆಯದ ಪಾಠ

ಆಪಾ ಅವರ ಬಲಗೈ ಮಣಿಕಟ್ಟಿನ ಒಳಬದಿಯಲ್ಲಿ ಹುಣಸೆ ಬೀಜದಷ್ಟು ಜಾಗ ಕಪ್ಪಾಗಿ ಗಟ್ಟಿಯಾಗಿತ್ತು. ಮೌಸ್ ಹಿಡಿದು ಗಂಟೆಗಟ್ಟಲೆ ಕೂತಾಗ ಟೇಬಲ್ಲಿನ ಅಂಚು ಉಜ್ಜಿ ಉಜ್ಜಿ ಆದದ್ದು. ಅವರ ಓಣಿಯ ಹೆಂಗಸರು ಅದನ್ನು ಸುಟ್ಟ ಗಾಯವೆಂದು ತಿಳಿದು ಮುಲಾಮು ಹೇಳುತ್ತಿದ್ದರು. "ಒಲಿ ಸುಟ್ಟಿದ್ದಲ್ಲ ಬೇ, ಇಲಿ ಕಚ್ಚಿದ್ದು" ಎಂದು ಆಪಾ ನಗುತ್ತಿದ್ದರು. ಯಾವ ಇಲಿ ಎಂದು ಅವರು ಬಿಡಿಸಿ ಹೇಳುತ್ತಿರಲಿಲ್ಲ.

ಆಳಂದದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಅವರು ವಿಜ್ಞಾನದ ಟೀಚರ್. ಹುಟ್ಟಿದ್ದು ಜೇವರ್ಗಿಯಲ್ಲಿ. ಗಂಡನದು ಆಳಂದದ ಬಜಾರಿನಲ್ಲಿ ತೊಗರಿ ವ್ಯಾಪಾರ. ಮನೆಮಾತು ದಖನಿ ಉರ್ದು, ಪಾಠ ಮಾತ್ರ ಕನ್ನಡದಲ್ಲಿ. ಉರ್ದುವಿನಲ್ಲಿ ಆಪಾ ಎಂದರೆ ಅಕ್ಕ. ಮುಸಲ್ಮಾನರ ಹುಡುಗಿಯರು ಹಾಗೆ ಕರೆಯುವುದನ್ನು ಕೇಳಿ ಉಳಿದ ಹುಡುಗಿಯರೂ, ಆಮೇಲೆ ಟೀಚರುಗಳೂ ಹಾಗೇ ಕರೆಯತೊಡಗಿ, ಕೊನೆಗೆ ಹೆಡ್‌ಮಾಸ್ತರರೂ "ಆಪಾ, ಸ್ವಲ್ಪ ಬರ್ರಿ" ಎನ್ನುವಂತಾಗಿತ್ತು.

ನಾನು ಕಿಣ್ಣಿ ಸುಲ್ತಾನ ಎಂಬ ಹಳ್ಳಿಯವಳು. ಡಿಗ್ರಿ ಮುಗಿಸಿ ಅದೇ ಶಾಲೆಗೆ ಕಂಪ್ಯೂಟರ್ ಕಲಿಸಲು ಸೇರಿದಾಗ ಸ್ಟಾಫ್‌ರೂಮಿನಲ್ಲಿ ಖಾಲಿ ಇದ್ದದ್ದು ಅವರ ಪಕ್ಕದ ಕುರ್ಚಿಯೊಂದೇ. ಮೊದಲ ದಿನವೇ ನನ್ನ ಡಬ್ಬಿಯ ಎಣ್ಣೆಗಾಯಿ ಅವರ ತಟ್ಟೆಗೆ ಹೋಯಿತು, ಅವರ ಮನೆಯ ಖಟ್ಟಾ ದಾಲ್ ನನಗೆ ಬಂತು. ಮುಂದೆ ಅದೇ ರೂಢಿಯಾಯಿತು. ಆಪಾ ಸಿಟ್ಟಿನ ಹೆಂಗಸು. ಮೀಟಿಂಗಿನಲ್ಲಿ ಕೂತಲ್ಲೇ ನಿದ್ದೆ ಹೋಗುತ್ತಿದ್ದರು, ಎಬ್ಬಿಸಿದವರ ಮೇಲೆ ಸಿಡುಕುತ್ತಿದ್ದರು. ಲ್ಯಾಬಿನಲ್ಲಿ ಅವರು ಕೂರುತ್ತಿದ್ದ ಕಂಪ್ಯೂಟರಿಗೆ ಹಳೆಯ ದುಪಟ್ಟಾ ಹೊದಿಸಿಟ್ಟಿರುತ್ತಿದ್ದರು. ಅದನ್ನು ಬೇರೆಯವರು ಮುಟ್ಟುವಂತಿರಲಿಲ್ಲ. ಆದರೆ ಹುಡುಗಿಯರು ಏನೇ ಪ್ರಶ್ನೆ ಕೇಳಲಿ, ಬೈದದ್ದನ್ನು ನಾನು ನೋಡಲಿಲ್ಲ. "ನಿನಗ ಹ್ಯಾಂಗ ಅನಸ್ತದ, ಮೊದಲ ಅದು ಹೇಳು" ಎನ್ನುತ್ತಿದ್ದರು. ಹುಡುಗಿ ತಪ್ಪು ಹೇಳಿದರೆ ಆ ತಪ್ಪಿನಿಂದಲೇ ಪಾಠ ಶುರು.

ನಾನು ಸೇರುವ ಮೊದಲೇ ಅವರು ಕಲಬುರಗಿಯಲ್ಲಿ ಒಂದು ಕಂಪ್ಯೂಟರ್ ತರಬೇತಿಗೆ ಹೋಗಿ ಫ್ಲ್ಯಾಶ್ ಎಂಬುದನ್ನು ಕಲಿತು ಬಂದಿದ್ದರು. ಅದರಲ್ಲಿ ಚಿತ್ರ ಬರೆದು ಅದು ಚಲಿಸುವಂತೆ ಮಾಡಬಹುದಿತ್ತು, ಒತ್ತಿದರೆ ಉತ್ತರ ಕೊಡುವಂತೆ ಮಾಡಬಹುದಿತ್ತು. ಆಗಿನ ಇಂಟರ್ನೆಟ್ಟಿನ ಆಟಗಳು, ಕುಣಿಯುವ ಚಿತ್ರಗಳು ಹೆಚ್ಚಾಗಿ ಅದರವೇ. ಆಪಾ ಅದರಲ್ಲಿ ಹೃದಯ, ಗ್ರಹಣ, ಎಲೆ ಎಲ್ಲವನ್ನೂ ಮಾಡಿದರು. ಆದರೆ ಅವರು ಅದನ್ನು ಹಟ ಹಿಡಿದು ಕಲಿತದ್ದು ಒಂದೇ ಪಾಠದ ಸಲುವಾಗಿ: ಹುಡುಗಿಯರ ತಿಂಗಳ ಮುಟ್ಟಿನ ಪಾಠ.

ಪುಸ್ತಕದಲ್ಲಿ ಆ ಪಾಠ ಬಂದಾಗ ಎಲ್ಲ ಶಾಲೆಯಲ್ಲೂ ಆಗುವುದೇ ಅಲ್ಲಿಯೂ ಆಗುತ್ತಿತ್ತು. ಮನೆಯಲ್ಲಿ ಓದಿಕೊಳ್ಳಿ ಎಂದು ಹೇಳಿ ಮುಂದಿನ ಪಾಠಕ್ಕೆ ಹೋಗುವುದು. "ನನಗೂ ಬಾಯಿ ಬರ್ತಿದ್ದಿಲ್ಲ ಬೇ. ನಾ ಏನ್ ದೊಡ್ಡ ಧೈರ್ಯದಾಕಿ ಅಲ್ಲ. ಬಾಯಿ ಬರ್ಲಿಲ್ಲಂತ ಕೈಲೆ ಬರದೆ" ಎಂದು ಅವರೇ ಹೇಳಿದ್ದರು. ಹುಡುಗಿ ಒಬ್ಬಳೇ ಕಂಪ್ಯೂಟರ್ ಮುಂದೆ ಹೆಡ್‌ಫೋನ್ ಹಾಕಿಕೊಂಡು ಕೂರುವುದು. ಚಿತ್ರದ ಯಾವ ಭಾಗದ ಮೇಲೆ ಮೌಸ್ ಒಯ್ದರೂ ಅದರ ಹೆಸರು ಕಾಣುವುದು, ಒತ್ತಿದರೆ ಚಿತ್ರ ಮುಂದಕ್ಕೆ ಹೋಗುವುದು. ಕೆಳಗೆ ಪ್ರಶ್ನೆಗಳ ಸಾಲು. ಇದು ರೋಗವೇ? ನೋವು ಎಷ್ಟಿದ್ದರೆ ಡಾಕ್ಟರ ಬಳಿ ಹೋಗಬೇಕು? ಈ ದಿನಗಳಲ್ಲಿ ಸ್ನಾನ ಮಾಡಬಹುದೇ? ಬೇಕಾದ ಪ್ರಶ್ನೆ ಒತ್ತಿದರೆ ಆಪಾ ಅವರ ದನಿಯಲ್ಲಿ ಉತ್ತರ. ಒಂದನ್ನೇ ಎಷ್ಟು ಸಲ ಬೇಕಾದರೂ ಕೇಳಬಹುದು.

ನಾನು ಸೇರಿದ ವರ್ಷ ಎಂಟನೇ ಇಯತ್ತೆಯ ಒಬ್ಬ ಹುಡುಗಿ ಶಾಲೆಗೆ ಬರುವುದನ್ನು ಬಿಟ್ಟಳು. ಹತ್ತಿರದ ಹಳ್ಳಿಯವಳು, ತಾಯಿ ಇಲ್ಲದವಳು. ಆಪಾ ನನ್ನನ್ನೂ ಕರೆದುಕೊಂಡು ಅವರ ಮನೆಗೆ ಹೋದರು. ಹುಡುಗಿ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಅಜ್ಜಿ, ಮಗುವಿಗೆ ಮೈಯಲ್ಲಿ ಹುಷಾರಿಲ್ಲ ಎಂದಷ್ಟೇ ಅಂದರು. ಆಪಾ ಒತ್ತಾಯ ಮಾಡದೆ, ಒಂದು ತಾಸು ಶಾಲೆಗೆ ಕಳಿಸಿ, ನಾನೇ ವಾಪಸ್ ತಂದು ಬಿಡುತ್ತೇನೆ ಎಂದು ಅಜ್ಜಿಯನ್ನು ಒಪ್ಪಿಸಿದರು. ಲ್ಯಾಬಿನಲ್ಲಿ ಹುಡುಗಿಯನ್ನು ಕೂರಿಸಿ, ಹೇಗೆ ಒತ್ತಬೇಕೆಂದು ತೋರಿಸಿ, ನಾವಿಬ್ಬರೂ ಕಿಟಕಿಯ ಹತ್ತಿರ ಕೂತು ಉತ್ತರಪತ್ರಿಕೆ ತಿದ್ದತೊಡಗಿದೆವು. ಅವಳು ಬಹಳ ಹೊತ್ತು ಕೂತಿದ್ದಳು. ಆಮೇಲೆ ಹೆಡ್‌ಫೋನ್ ತೆಗೆದು ಆಪಾ ಅವರ ಬಳಿ ಬಂದು ನಿಂತಳು.

"ಆಪಾ, ನಾ ಸಾಯಂಗಿಲ್ಲಲ್ರಿ?"

"ಸಾಯಂಗಿಲ್ಲ" ಅಂದರು ಆಪಾ. "ನಾಳಿಂದ ಸಾಲಿಗೆ ಬಾ. ಗಣಿತ ಭಾಳ ಮುಂದ ಹೋಗ್ಯಾದ."

ಅಷ್ಟೇ. ಹುಡುಗಿ ಮರುದಿನ ಬಂದಳು. ಎಷ್ಟು ದಿನದಿಂದ ಆ ಮಗು ತಾನು ಸಾಯುತ್ತೇನೆಂದು ತಿಳಿದು ಗೋಡೆ ನೋಡುತ್ತ ಕೂತಿತ್ತೋ ಎಂದು ನೆನೆದು ನನಗೆ ಆ ವಾರವೆಲ್ಲ ಊಟ ರುಚಿಸಲಿಲ್ಲ. ಆ ಪಾಠದ ಬೆಲೆ ನನಗೆ ಗೊತ್ತಾದದ್ದು ಆಗ.

ಕೆಲವು ವರ್ಷಗಳಲ್ಲಿ ಲ್ಯಾಬ್ ಸೊರಗಿತು. ಕರೆಂಟು ಹೋದರೆ ನಡೆಸುವ ಬ್ಯಾಟರಿ ಸತ್ತಿತು, ಕಂಪ್ಯೂಟರುಗಳು ಒಂದೊಂದಾಗಿ ಮೂಲೆ ಸೇರಿದವು. ಅದೇ ಹೊತ್ತಿಗೆ ಮನೆಮನೆಗೆ ಹೊಸ ಫೋನು ಬರತೊಡಗಿತ್ತು. ಆಪಾಗೆ ಇದು ಸುದಿನವೆನ್ನಿಸಿತು. ಲ್ಯಾಬಿಗೆ ಬರಲಾರದ ಹುಡುಗಿಯರೂ ನೋಡಬಹುದಲ್ಲ. ನಾನು ಪಾಠವನ್ನು ಇಂಟರ್ನೆಟ್ಟಿಗೆ ಏರಿಸಿಕೊಟ್ಟೆ. ಅವರು ಒಬ್ಬ ಟೀಚರಿಂದ ಹೊಸ ಫೋನನ್ನು ಇಸಿದುಕೊಂಡು ಪಾಠ ತೆರೆದರು. ಚಿತ್ರ ಇರಬೇಕಾದಲ್ಲಿ ಬೂದು ಬಣ್ಣದ ಖಾಲಿ ಚೌಕ.

"ಇದ್ಯಾಕ್ಬೇ ಹಿಂಗ?"

"ಈ ಫೋನಿನ್ಯಾಗ ಫ್ಲ್ಯಾಶ್ ನಡಿಯಂಗಿಲ್ರಿ ಆಪಾ."

"ನಡಿಯಂಗಿಲ್ಲೋ, ನಡಿಸಂಗಿಲ್ಲೋ?"

"ನಡಿಸಂಗಿಲ್ಲ ಅನ್ರಿ. ಅದು ಒಂದೇ ಕಂಪನಿದು. ಒಳಗ ಏನದ ಅಂತ ಬ್ಯಾರೆಯವರಿಗಿ ಗೊತ್ತಾಗಂಗಿಲ್ಲ. ಕೆಟ್ಟ ಪ್ರೋಗ್ರಾಮ್ ನುಗ್ಗಾಕ ಅದರಾಗ ಸಂದಿ ಭಾಳ. ಬ್ಯಾಟರಿನೂ ತಿಂತದ. ಈಗ ಎಲ್ಲರೂ ಬಳಸೋ ಅಂಥ ಹೊಸಾ ಪದ್ಧತಿ ಬರಾಕತ್ತದ, ಅದು ಯಾವ ಒಂದು ಕಂಪನಿದೂ ಅಲ್ಲ."

"ಬರ್ಲಿ, ಯಾರ ಬ್ಯಾಡಂದಾರ? ಅದು ಬಂದು ನಿಂತ ಮ್ಯಾಲ ಹಳೇದಕ್ಕ ಹೋಗು ಅನ್ಲಿ. ಟ್ರೇನಿಂಗಿನ್ಯಾಗ ಇದನ್ನ ಕಲಿರಿ ಅಂತ ಕಲಿಸಿದ್ರು. ನಾಳಿಗಿ ಬಂದ್ ಆಗ್ತದ ಅಂತ ಯಾರರೇ ಹೇಳಿದ್ರೇನು?"

"ಹಂಗಂತ ಎಲ್ಲಾ ಫೋನಿಗಿ ಹಳೇ ಭಾರ ಹೊರಸಾಕ ಆಗ್ತದೇನ್ರಿ?"

"ಭಾರ ಅಲ್ಲ ಬೇ ಅದು. ಪಾಠ" ಅಂದರು. ಆ ದಿನ ನನ್ನ ಡಬ್ಬಿ ಮುಟ್ಟಲಿಲ್ಲ.

ಈ ಜಗಳ ನಮ್ಮಿಬ್ಬರ ನಡುವೆ ತಿಂಗಳುಗಟ್ಟಲೆ ನಡೆಯಿತು. ಚಹಾ ಬಂದಾಗೆಲ್ಲ ಶುರು. ಹೆಡ್‌ಮಾಸ್ತರರು ಬಾಗಿಲಲ್ಲಿ ಇಣುಕಿ "ಮುಗೀತೇನ್ರಿ ನಿಮ್ಮ ಫೋನಿನ ಪಂಚಾಯ್ತಿ?" ಎಂದು ಕೇಳಿ ಹೋಗುತ್ತಿದ್ದರು. ನಾನು ಓದಿಕೊಂಡದ್ದನ್ನು ಹೇಳುತ್ತಿದ್ದೆ; ನನ್ನ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಆಪಾ ಅವರ ಮಾತೂ ಸುಳ್ಳಾಗಿರಲಿಲ್ಲ.

ಆ ಕಾಲದಲ್ಲಿ ಕೆಲವು ಫೋನುಗಳು ಮಾತ್ರ ಫ್ಲ್ಯಾಶ್ ತೆರೆಯುತ್ತಿದ್ದವು. ಆಪಾ ಕಲಬುರಗಿಗೆ ಹೋಗಿ ಅಂಗಡಿಯಿಂದ ಅಂಗಡಿಗೆ ಅಲೆದು, ಪ್ರತಿಯೊಂದರಲ್ಲೂ ಮೊದಲು ತಮ್ಮ ಪಾಠ ತೆರೆಸಿ ನೋಡಿ, ಅಂಥ ಒಂದನ್ನು ತಂದರು. ಸೋಮವಾರ ಪ್ರಾರ್ಥನೆಗೂ ಮೊದಲೇ ನನ್ನ ಮುಖದ ಮುಂದೆ ಹಿಡಿದರು. "ನೋಡು, ನಡೀತದ! ಮನಸ್ಸು ಮಾಡಿದ್ರ ನಡೀತದ." ನಿಜ, ಚಿತ್ರ ತೆರೆದಿತ್ತು. ನಾನು ಸೋತೆನೆಂದು ಒಪ್ಪಿಕೊಂಡೆ.

ಮಧ್ಯಾಹ್ನ ಒಂಬತ್ತನೇ ಇಯತ್ತೆಯ ಹುಡುಗಿಯೊಬ್ಬಳನ್ನು ಕರೆದು ಫೋನು ಕೈಗಿಟ್ಟರು. ಸ್ವಲ್ಪ ದೂರದಲ್ಲಿ ನಿಂತು ಇಬ್ಬರೂ ನೋಡುತ್ತಿದ್ದೆವು. ಮೌಸಾದರೆ ಚಿತ್ರದ ಮೇಲೆ ಸುಮ್ಮನೆ ಒಯ್ಯಬಹುದು. ಬೆರಳು ಮುಟ್ಟಿತೆಂದರೆ ಒತ್ತಿದಂತೆಯೇ. ಹೆಸರು ನೋಡಲು ಹೋದರೆ ಚಿತ್ರ ಮುಂದಕ್ಕೆ ಹಾರುತ್ತಿತ್ತು. ಪ್ರಶ್ನೆಗಳ ಅಕ್ಷರ ಸಾಸಿವೆಯಷ್ಟು, ಒಂದನ್ನು ಒತ್ತಿದರೆ ಪಕ್ಕದ್ದು ತೆರೆಯುತ್ತಿತ್ತು. ದೊಡ್ಡದು ಮಾಡಲು ಹೋದರೆ ಚಿತ್ರ ಪರದೆಯ ಆಚೆ ಜಾರುತ್ತಿತ್ತು. ಹುಡುಗಿ ಫೋನನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು. "ಬಿಸಿ ಆಗ್ಯಾದ್ರಿ ಆಪಾ" ಎನ್ನುತ್ತ ಹಿಂದಕ್ಕೆ ಕೊಟ್ಟಳು. "ಛಲೋ ಅದ ರೀ" ಎಂದು ಸೇರಿಸಿದಳು.

ಅವಳು ಹೋದ ಮೇಲೆ ಆಪಾ ಬೆಂಚಿನ ಮೇಲೆ ಕೂತರು. "ಆಕಿ ಏನೂ ನೋಡ್ಲಿಲ್ಲ. ನನ್ನ ಮಾರಿ ನೋಡಿ ಛಲೋ ಅದ ಅಂದ್ಳು."

ನನಗೆ ಗೆದ್ದಂತೆ ಅನ್ನಿಸಲಿಲ್ಲ.

ಮರುದಿನ ಚಹಾದ ಹೊತ್ತಿಗೆ ಅವರೇ ಮಾತು ತೆಗೆದರು. "ಫೋನಿನವರು ಹಳೇದು ನಡಿಸಬೇಕಾಗಿತ್ತು ಅನ್ನೋದು ನಾ ಬಿಡಂಗಿಲ್ಲ. ಆದ್ರ ಅವರು ನಡಿಸಿದ್ರೂ ನನ್ನ ಪಾಠ ಬೆರಳಿಗಿ ಹೊಂದಂಗಿಲ್ಲ. ಅದು ಬ್ಯಾರೆ ಮಾತು, ಇದು ಬ್ಯಾರೆ ಮಾತು. ಇದು ನನ್ನ ಕೈಯಾಗ ಅದ. ನಡಿ, ಹೊಸಾದು ಮಾಡೋಣು."

ಹೊಸದು ಮಾಡಲು ಕೂತಾಗ ಇನ್ನೊಂದು ಪೆಟ್ಟು ಕಾದಿತ್ತು. ಫ್ಲ್ಯಾಶಿನಲ್ಲಿ ತಿದ್ದುವ ಪ್ರತಿ ಬೇರೆ, ನೋಡುವ ಪ್ರತಿ ಬೇರೆ. ಹಿಟ್ಟಿದ್ದರೆ ಮತ್ತೆ ರೊಟ್ಟಿ ಬಡಿಯಬಹುದು. ನಮ್ಮ ಕೈಯಲ್ಲಿ ಉಳಿದಿದ್ದದ್ದು ಬೆಂದ ರೊಟ್ಟಿ. ತಿದ್ದುವ ಪ್ರತಿಗಳಿದ್ದ ಲ್ಯಾಬಿನ ಕಂಪ್ಯೂಟರಿನ ಡಿಸ್ಕು ಕೆಟ್ಟಿತ್ತು. ಕಲಬುರಗಿಗೆ ಒಯ್ದು ತೋರಿಸಿದರೂ ಏನೂ ಹೊರಬರಲಿಲ್ಲ. ಸುದ್ದಿ ಕೇಳಿದ ಆಪಾ ನಲ್ಲಿಯ ಬಳಿ ಹೋಗಿ ಬಹಳ ಹೊತ್ತು ಮುಖ ತೊಳೆದರು. ಆಮೇಲೆ ಹೋಗಿ ಎಂಟನೇ ಇಯತ್ತೆಗೆ ಅಯಸ್ಕಾಂತದ ಪಾಠ ಮಾಡಿದರು.

ಎಲ್ಲವನ್ನೂ ಹಾಳೆಯ ಮೇಲೆ ಹೊಸದಾಗಿ ಬರೆದರು. ನಾನು ಅವುಗಳ ಫೋಟೋ ತೆಗೆದು, ಯಾವ ಫೋನಿನಲ್ಲಾದರೂ ತೆರೆಯುವ ಸಾದಾ ಪುಟಗಳನ್ನಾಗಿ ಮಾಡುತ್ತ ಹೋದೆ. ಈ ಸಲ ಪ್ರತಿ ಪುಟವನ್ನೂ ಮೊದಲು ಹುಡುಗಿಯರ ಕೈಗೆ ಕೊಟ್ಟು ನೋಡುತ್ತಿದ್ದರು. ಅವರ ಬೆರಳು ಎಲ್ಲಿ ತಡವರಿಸಿತೋ ಅದನ್ನು ಬದಲಿಸುತ್ತಿದ್ದರು. ಒಬ್ಬಳು ಕೇಳಿದಳು: "ಮನ್ಯಾಗ ಫೋನ್ ಅಣ್ಣಂದು ಅದ ರೀ. ನೋಡೋ ಮುಂದ ಅಂವ ಬಂದ್ರ?"

"ಬರ್ಲಿ, ಅವನೂ ನೋಡ್ಲಿ, ಅವನಿಗೂ ತಿಳೀಬೇಕು" ಅಂದರು ಆಪಾ. ಆದರೆ ಆ ಸಂಜೆಯೇ ನನ್ನಿಂದ ಪ್ರತಿ ಪುಟದ ಮೂಲೆಗೂ ಒಂದು ಹಸಿರು ಗುಂಡಿ ಹಾಕಿಸಿದರು. ಅದನ್ನು ಒತ್ತಿದರೆ ಥಟ್ಟನೆ ಎಲೆಗಳು ಆಹಾರ ತಯಾರಿಸುವ ಪಾಠ ಬರುತ್ತದೆ.

ಪಾಠ ಮುಗಿಯುವ ಹೊತ್ತಿಗೆ ಅವರು ನಿವೃತ್ತರಾದರು. ಗಂಡ ತೀರಿಕೊಂಡ ಮೇಲೆ ಜೇವರ್ಗಿಯಲ್ಲಿ ತಮ್ಮನ ಮನೆಯಲ್ಲಿ ಇರತೊಡಗಿದರು. ಮೂತ್ರಪಿಂಡ ಕೆಟ್ಟು ಡಯಾಲಿಸಿಸ್‌ಗೆಂದು ಕಲಬುರಗಿಗೆ ಹೋಗಿಬರುತ್ತಿದ್ದರು. ಸೋಂಕಿನ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ ಆ ಪಾಠ ಫೋನಿನಿಂದ ಫೋನಿಗೆ ಅಫಜಲಪುರದ ಕಡೆಯ ಹಳ್ಳಿಗಳಿಗೂ ಹೋಯಿತು. ಆಪಾ ಡಯಾಲಿಸಿಸ್ ಮಂಚದ ಮೇಲಿನಿಂದಲೇ ಫೋನ್ ಮಾಡಿ, ಯಾವುದೋ ಹುಡುಗಿ ಕೇಳಿದ ಹೊಸ ಪ್ರಶ್ನೆ ಸೇರಿಸು ಎನ್ನುತ್ತಿದ್ದರು. ಉತ್ತರವನ್ನು ತಾವೇ ಮಾತಾಡಿ ಕಳಿಸುತ್ತಿದ್ದರು. ಹಿಂದೆ ಆಸ್ಪತ್ರೆಯ ಯಂತ್ರದ ಸದ್ದಿರುತ್ತಿತ್ತು, ಅದನ್ನು ತೆಗೆಯುವುದು ನನ್ನ ಕೆಲಸ.

ಅದೇ ಸುಮಾರಿಗೆ ಕಂಪ್ಯೂಟರುಗಳಲ್ಲೂ ಫ್ಲ್ಯಾಶ್ ಪೂರ್ತಿ ನಿಂತಿತು. ನಾನೇ ಫೋನ್ ಮಾಡಿ ತಿಳಿಸಿದೆ.

"ನೀ ಗೆದ್ದಿ ಹಂಗಾರ" ಎಂದು ನಕ್ಕರು. ಆಮೇಲೆ ಗಂಭೀರವಾಗಿ, "ಎಷ್ಟ ಮಂದಿ ಟೀಚರ್ ಮಾಡಿದ್ದು ಅದರಾಗೇ ಉಳೀತೋ ಏನೋ. ನನಗ ನೀ ಇದ್ದಿ. ಯಾರೂ ಇಲ್ಲದವರದು?" ಎಂದರು.

ಹಳೆಯದನ್ನೆಲ್ಲ ಹೊತ್ತು ತಿರುಗಲು ಫೋನುಗಳಿಗೆ ಆಗದು ಎಂದು ಈಗಲೂ ನಂಬುತ್ತೇನೆ. ಮುಚ್ಚುವ ಮೊದಲು ಒಳಗಿದ್ದವರಿಗೆ ಹೊರಬರುವ ದಾರಿ ತೋರಿಸಬೇಕಿತ್ತು ಎಂಬುದನ್ನೂ ಈಗ ನಂಬುತ್ತೇನೆ. ಎರಡನೆಯದನ್ನು ನನಗೆ ಕಲಿಸಿದವರು ಅವರು.

ಒಂದು ಚಳಿಗಾಲದಲ್ಲಿ ಆಪಾ ತೀರಿಕೊಂಡರು. ನಾನು ಕಲಬುರಗಿಯಲ್ಲಿ ಬಸ್ಸು ಬದಲಿಸಿ ಜೇವರ್ಗಿ ಮುಟ್ಟುವ ಹೊತ್ತಿಗೆ ಗಂಡಸರು ಅವರನ್ನು ಕಬ್ರಸ್ತಾನಕ್ಕೆ ಒಯ್ದಾಗಿತ್ತು. ಮುಖ ನೋಡಲು ಸಿಗಲಿಲ್ಲ. ಒಳಗೆ ಹೆಂಗಸರ ಜೊತೆ ಕೂತೆ. ಅವರ ತಮ್ಮನ ಹೆಂಡತಿ ನನ್ನ ಕೈ ಹಿಡಿದುಕೊಂಡು, "ಮೊನ್ನಿ ಸುದ್ದಾ ನಿಮ್ಮ ಜೋಡಿ ಮಾತಾಡಬೇಕು, ಫೋನ್ ಕೊಡ್ರಿ ಅಂತಿದ್ರು" ಎಂದರು. ಏನು ಹೇಳಬೇಕೆಂದಿದ್ದರೋ ಗೊತ್ತಾಗಲಿಲ್ಲ. ಬಹುಶಃ ಇನ್ನೊಂದು ಪ್ರಶ್ನೆ.

ಪಾಠವನ್ನು ಈಗ ನಾನೊಬ್ಬಳೇ ನೋಡಿಕೊಳ್ಳುತ್ತೇನೆ. ಫೋನುಗಳು ಬದಲಾಗುತ್ತಲೇ ಇರುತ್ತವೆ, ಏನಾದರೊಂದು ನಿಲ್ಲುತ್ತದೆ, ಕೂತು ಸರಿಮಾಡಬೇಕು. ತಿದ್ದುವ ಪ್ರತಿಗಳನ್ನು ಬೇರೆ ಬೇರೆ ಕಡೆ ಇಟ್ಟಿದ್ದೇನೆ. ನನ್ನ ನಂತರ ನೋಡಿಕೊಳ್ಳಲೆಂದು ಇಬ್ಬರು ಟೀಚರುಗಳಿಗೆ ಕಲಿಸುತ್ತಿದ್ದೇನೆ.

ಈಚೆಗೆ ಯಡ್ರಾಮಿಯಿಂದ ಒಬ್ಬ ಟೀಚರ್ ಫೋನ್ ಮಾಡಿದ್ದರು. ಗುರುತಿನವರಲ್ಲ, ಪಾಠದ ಕೆಳಗಿದ್ದ ನಂಬರ್ ನೋಡಿ ಮಾಡಿದವರು. ಹೊಸ ಫೋನಿನಲ್ಲಿ ಚಿತ್ರ ಬರುತ್ತದೆ, ದನಿ ಬರುತ್ತಿಲ್ಲ ಎಂದರು. ಬೆಳಗಿನಿಂದ ಕೂತು ಮಧ್ಯಾಹ್ನದ ಹೊತ್ತಿಗೆ ಸರಿಮಾಡಿ, ಈಗ ನೋಡಿ ಎಂದು ತಿಳಿಸಿದೆ. ಎಷ್ಟು ಹೊತ್ತಾದರೂ ಸುದ್ದಿ ಇಲ್ಲ. ಕೊನೆಗೆ ಬೇರೆ ಯಾರದೋ ಫೋನಿನಿಂದ ಅವರೇ ಮಾಡಿದರು.

"ಧ್ವನಿ ಬಂತೇನ್ರಿ?" ಎಂದು ಕೇಳಿದೆ.

"ಬಂದದ ಅನಸ್ತದ ರೀ ಮೇಡಂ" ಎಂದರು. "ಹುಡುಗ್ಯಾರು ನನ್ನ ಫೋನ್ ಇಸ್ಕೊಂಡು, ನನಗ ಹೊರಗ ಕಳಿಸಿ ಬಾಗಲ ಹಾಕ್ಕೊಂಡಾರ. ಕರೆದ್ರ ತೆಗಿವಲ್ರು."