ಫೋಟೋ ಮಾವನ ಉದ್ದ ಲೆನ್ಸು

ಆ ಮಕ್ಕಳ ಮನೆಯಲ್ಲಿ ದೊಡ್ಡಮ್ಮ ಕೆಲಸಕ್ಕೆ ಸೇರಿದ ದಿನವೇ ಫೋಟೋ ಮಾವನ ಸುದ್ದಿ ಅವಳ ಕಿವಿಗೆ ಬಿತ್ತು. ಒದ್ದೆ ಹಾಸಿಗೆಯ ಬಟ್ಟೆ ಕೀಳುತ್ತಿದ್ದಾಗ ಮಂಚದ ಕೆಳಗಿನಿಂದ ಪುಟ್ಟ ಕೈಯೊಂದು ಬಂದು ಅವಳ ಕಾಲು ತಟ್ಟಿತು.

“ಫೋಟೋ ಮಾವ ಬಂದ್ರೆ ನಾನಿಲ್ಲ ಅನ್ನು.”

“ಇಲ್ಲದೋಳು ಮಾತಾಡ್ತಿದ್ದೀಯಲ್ಲೇ?”

“ಮಾತಾಡ್ಬಹುದು. ಕಾಣಬಾರ್ದು.”

ಆ ಹುಡುಗಿಯನ್ನು ಎಲ್ಲರೂ ಬುಗುರಿ ಎನ್ನುತ್ತಿದ್ದರು. ನಿಂತಲ್ಲಿ ನಿಲ್ಲದವಳು. ಊಟದ ತಟ್ಟೆಯ ಮುಂದೆ ಕೂತರೂ ಕಾಲು ಮಾತ್ರ ಎಲ್ಲಿಗೋ ಓಡುತ್ತಲೇ ಇರುತ್ತಿತ್ತು.

ಅದು ಹೆತ್ತವರಿಲ್ಲದ ಸಣ್ಣ ಮಕ್ಕಳ ಮನೆ. ಮಗು ಬೇಕೆಂದು ಬಂದವರು ಮೊದಲು ಆ ಮನೆ ನಡೆಸುವ ಮೇಡಂನ ಮೇಜಿನ ಮೇಲೆ ಹರಡಿದ ಫೋಟೋಗಳನ್ನು ನೋಡುತ್ತಿದ್ದರು. ಫೋಟೋ ಹಿಡಿಸದಿದ್ದರೆ ಮಗುವನ್ನು ಕರೆಸುತ್ತಲೇ ಇರಲಿಲ್ಲ. ಐದು ತುಂಬಿದರೆ ಊರಾಚೆಯ ದೊಡ್ಡ ಮಕ್ಕಳ ಮನೆಗೆ ಸಾಗಿಸುತ್ತಿದ್ದರು. ಅಲ್ಲಿಗೆ ಯಾರೂ ಮಗು ಹುಡುಕಿಕೊಂಡು ಹೋಗುತ್ತಿರಲಿಲ್ಲ. ಮಕ್ಕಳು ಮಾತ್ರ ಇದನ್ನೆಲ್ಲ ತಿರುಗುಮುರುಗಾಗಿ ಅರ್ಥ ಮಾಡಿಕೊಂಡಿದ್ದವು. ಫೋಟೋ ಮಾವ ಯಾರತ್ತ ಕ್ಯಾಮೆರಾ ಹಿಡಿಯುತ್ತಾನೋ ಅವರು ಸ್ವಲ್ಪ ದಿನದಲ್ಲೇ ಮಾಯ. ಅಪ್ಪ ಅಮ್ಮ ಎಂದರೇನೆಂದೇ ಅರಿಯದ ಕೂಸುಗಳಿಗೆ ಪಕ್ಕದ ಮಂಚ ಖಾಲಿಯಾದದ್ದಷ್ಟೇ ಕಾಣುತ್ತಿತ್ತು. ಅದಕ್ಕೇ ಅವನು ಹೊಸಿಲು ದಾಟಿದರೆ ಅರ್ಧ ಮಕ್ಕಳು ಮಂಚದಡಿ ಸೇರುತ್ತಿದ್ದವು. ಎಳೆದು ತಂದು ಕೂರಿಸಿದವು ಕಲ್ಲಾಗುತ್ತಿದ್ದವು. ಫೋಟೋದಲ್ಲಿ ಬರೀ ಹೆದರಿದ ಕಣ್ಣುಗಳು.

ಅವನು ಹಿಂದೆ ಮದುವೆ ಮನೆಗಳಲ್ಲಿ ಫೋಟೋ ತೆಗೆಯುತ್ತಿದ್ದವನು. ಹೊಸಬರು ಬಂದು ಅವನನ್ನು ಯಾರೂ ಕೇಳದಂತಾದ ಮೇಲೆ ಮೆಟ್ಟಿಲ ಕೆಳಗೊಂದು ಗೂಡಿನಲ್ಲಿ ಅಂಗಡಿ ಇಟ್ಟುಕೊಂಡು ಕೂತಿದ್ದ. ಈ ಮನೆಯ ಕೆಲಸ ಒಂದೇ ಅವನಿಗೆ ಆಧಾರ.

“ದೂರದಿಂದ ತೆಗೆಯೋ ಜೂಮ್ ಲೆನ್ಸ್ ಇದ್ರೆ ಇವಕ್ಕೆ ನಾನು ಬಂದಿರೋದೇ ಗೊತ್ತಾಗಲ್ಲ ಮೇಡಂ,” ಎಂದು ಅವನು ಬೆನ್ನು ಹತ್ತಿದ. ಕೊನೆಗೆ ಮೇಡಂ ಕೊಂಚ ಹಣ ಕೊಟ್ಟು, ಹಣ ಲೆನ್ಸಿಗೇ ಹೋಗುತ್ತದೆಯೇ ಎಂದು ನೋಡಿ ಬರಲು ದೊಡ್ಡಮ್ಮನನ್ನು ಜೊತೆಗೆ ಕಳಿಸಿದಳು.

“ನನಗೆ ಕಾವಲಾ ನೀವು?”

“ಹೂಂನಪ್ಪ. ನೀನು ದುಡ್ಡು ಎತ್ಕೊಂಡು ಓಡಿದ್ರೆ ನಾನು ಓಡಿ ಹಿಡೀಬೇಕಂತೆ, ಈ ಮಂಡಿ ಇಟ್ಕೊಂಡು.”

ಹಳೆ ಕ್ಯಾಮೆರಾ ಮಾರುವವನು ಬಾಯಲ್ಲಿದ್ದ ಬೆಂಕಿಕಡ್ಡಿ ತೆಗೆಯದೆಯೇ ಎರಡು ಲೆನ್ಸುಗಳನ್ನು ಮೇಜಿನ ಮೇಲಿಟ್ಟ.

“ಇದು ಗಿಡ್ಡ. ಆದ್ರೆ ಬೆಕ್ಕಿನ ಕಣ್ಣು, ಮಬ್ಬಲ್ಲೂ ಕಾಣತ್ತೆ. ಅದು ಉದ್ದ. ರಸ್ತೆ ಆಚೆ ಇರೋರ ಹಲ್ಲು ಎಣಿಸ್ಬಹುದು, ಆದ್ರೆ ಎಳೆದಷ್ಟೂ ಕಣ್ಣು ಮಂಜಾಗತ್ತೆ, ಒಳ್ಳೆ ಬೆಳಕು ಬೇಕು.”

“ಉದ್ದಾನೂ ಇರ್ಬೇಕು, ಕಣ್ಣೂ ಚುರುಕಾಗಿರ್ಬೇಕು ಅಂದ್ರೆ?” ದೊಡ್ಡಮ್ಮ ಕೇಳಿದಳು.

ಅವನು ಗಾಜಿನ ಪೆಟ್ಟಿಗೆಯತ್ತ ಗಲ್ಲ ತಿರುಗಿಸಿದ. “ಅದನ್ನ ಮುಟ್ಬೇಕಾದ್ರೆ ನಿಮ್ಮ ಮೇಡಂ ಕಟ್ಟಡಾನೇ ಮಾರ್ಬೇಕಮ್ಮ. ಚಿಕ್ಕ ಮಕ್ಕಳಿಗೆ ತಾನೇ? ಗಿಡ್ಡದ್ದೇ ಒಯ್ಯಿರಿ. ಮಕ್ಕಳು ಒಂದು ಕಡೆ ನಿಲ್ಲಲ್ಲ.”

“ಹತ್ತಿರ ಹೋದ್ರೆ ನಮ್ಮ ಮಕ್ಕಳು ಮಕ್ಕಳಾಗೇ ಇರಲ್ಲ,” ಎಂದ ಫೋಟೋ ಮಾವ. ಉದ್ದ ಲೆನ್ಸನ್ನು ಕ್ಯಾಮೆರಾಕ್ಕೆ ಸಿಕ್ಕಿಸಿ ಬಾಗಿಲಿಗೆ ಹೋದ. ಹೊರಗೆ ಸುಡು ಬಿಸಿಲು. ರಸ್ತೆಯಾಚೆ ಅಪ್ಪನ ಹೆಗಲ ಮೇಲೆ ಕೂತು ಕುಣಿಯುತ್ತಿದ್ದ ಮಗುವಿನ ರೆಪ್ಪೆಯ ಕೂದಲು ಸಹಿತ ಮೂಡಿತು. ದೊಡ್ಡಮ್ಮ ಬಾಯಿ ಬಿಟ್ಟುಕೊಂಡು ನೋಡಿದಳು. ಆ ಬೆಳಕು ಅಂಗಡಿ ಮುಂದಿನ ರಸ್ತೆಯದು, ಮಕ್ಕಳ ಮನೆಯದಲ್ಲ ಎನ್ನುವುದು ಅಷ್ಟು ವರ್ಷ ಪಳಗಿದ ಆ ಮನುಷ್ಯನಿಗೆ ಖುಷಿಯಲ್ಲಿ ಹೊಳೆಯಲೇ ಇಲ್ಲ. ಅದನ್ನೇ ಕೊಂಡ.

ಮಕ್ಕಳ ಮನೆಯ ಹಜಾರದಲ್ಲಿ ಹಗಲೂ ಮಬ್ಬು. ಪಕ್ಕದ ಕಟ್ಟಡ ಕಿಟಕಿಗೆ ಮೂಗು ತಾಗಿಸಿ ನಿಂತಿತ್ತು. ಬಾಗಿಲು ತೆರೆದರೆ ಬಸ್ಸು ಓಡಾಡುವ ರಸ್ತೆ, ಆಡಿಸಲು ಅಂಗಳವಿಲ್ಲ. ಫ್ಲ್ಯಾಶ್ ಹೊಡೆದರೆ ತೊಟ್ಟಿಲ ಕೂಸುಗಳು ಬೆಚ್ಚಿ ಕಿರುಚುತ್ತವೆಂದು ಮೇಡಂ ಅದನ್ನು ಕಡ್ಡಿ ಮುರಿದಂತೆ ಬೇಡವೆಂದಿದ್ದಳು. ಫೋಟೋ ಮಾವ ಒಣಹಾಕಿದ ಬಟ್ಟೆಗಳ ಹಿಂದೆ ಅಡಗಿ ಕೂತ. ಮಕ್ಕಳಿಗೆ ಅವನು ಬಂದದ್ದೇ ತಿಳಿಯಲಿಲ್ಲ. ಒಂದು ಮಗು ಕಾಲ್ಬೆರಳು ನೋಡುತ್ತ ಕೂತಿತ್ತು, ಇನ್ನೊಂದು ಗೋಡೆಗೊರಗಿ ಏನೋ ಯೋಚಿಸುತ್ತಿತ್ತು. ಅಂಥವು ಚಂದ ಬಂದವು. ಅಂಥ ಮಕ್ಕಳಿಗೆ ಒಬ್ಬೊಬ್ಬರಾಗಿ ಅಪ್ಪ ಅಮ್ಮ ಸಿಗತೊಡಗಿದರು. ಬುಗುರಿಯದು ಮಾತ್ರ ಬರೀ ಉಜ್ಜಿದ ಬಣ್ಣ.

“ಕಾಲಿದೆ, ಕೂದಲಿದೆ, ಮುಖ ಎಲ್ಲಿಗೆ ಹೋಯ್ತಯ್ಯಾ?” ಎಂದಳು ದೊಡ್ಡಮ್ಮ.

“ಬೆಳಕು ಸಾಲ್ದು ಅಂತ ಕ್ಯಾಮೆರಾ ಕಣ್ಣು ಮುಚ್ಚೋಕೆ ತಡ ಮಾಡತ್ತೆ. ಅಷ್ಟರಲ್ಲಿ ಇವಳು ಆ ಕಡೆ ಗೋಡೆ ಮುಟ್ಟಿರ್ತಾಳೆ.” ಕ್ಯಾಮೆರಾವನ್ನು ಇನ್ನೂ ಅವಸರಪಡಿಸಿದರೆ ಚಿತ್ರದ ತುಂಬ ಮರಳು ಎರಚಿದಂತಾಗುತ್ತಿತ್ತು.

ಅವನು ಉದ್ದ ಲೆನ್ಸನ್ನು ಹಿಡಿದುಕೊಂಡು ಮತ್ತೆ ಅಂಗಡಿಗೆ ಹೋದ. ಬೆಕ್ಕಿನ ಕಣ್ಣಿನದ್ದು ಆಗಲೇ ಯಾರ ಪಾಲೋ ಆಗಿತ್ತು. ಇದನ್ನು ವಾಪಸು ಕೊಳ್ಳಲು ಅಂಗಡಿಯವನು ಹೇಳಿದ ಬೆಲೆ ಕೇಳಿ ಹಾಗೇ ತಿರುಗಿ ಬಂದ.

“ಬುಗುರಿ ಅಂದ್ರೆ ಅಷ್ಟು ಜೀವ ಬಿಡ್ತೀಯಲ್ಲ, ನೀನೇ ಸಾಕ್ಕೋ,” ಎಂದಳು ದೊಡ್ಡಮ್ಮ ಒಮ್ಮೆ.

“ಒಂಟಿ ಗಂಡಸಿಗೆ ಬೆಕ್ಕಿನ ಮರೀನೂ ಕೊಡಲ್ಲ ದೊಡ್ಡಮ್ಮ. ನೀವು?”

“ನನ್ನ ಗಂಡ ಬದುಕಿದ್ದಾಗ್ಲೇ ಕೇಳಿ ನೋಡಿದ್ದಾಯ್ತು. ವಯಸ್ಸಾಯ್ತು ಅಂದ್ರು. ಈಗೇನು ಚಿಕ್ಕೋಳಾಗಿದ್ದೀನಾ?”

ಬುಗುರಿಗೆ ಐದು ತುಂಬಲು ಹೆಚ್ಚು ದಿನ ಉಳಿದಿರಲಿಲ್ಲ. ಆಗಲೇ ಅವಳಿಗೆ ಜ್ವರ ಬಂತು. ಮೊದಲ ಸಲ ಅವಳು ಅಲುಗಾಡದೆ ಮಲಗಿದಳು. ಫೋಟೋ ಮಾವ ಕ್ಯಾಮೆರಾ ಎತ್ತಿದ, ಇಳಿಸಿದ, ಮತ್ತೆ ಎತ್ತಿದ. ಆ ಫೋಟೋ ಕನ್ನಡಿಯಂತೆ ಬಂತು. ಬೇರೆ ಯಾವುದೂ ಇಲ್ಲವಾದ್ದರಿಂದ ಮೇಡಂ ಅದನ್ನೇ ಮೇಜಿನ ಮೇಲಿಟ್ಟಳು. ದೊಡ್ಡಮ್ಮ ನೀರು ಕೊಡಲು ಒಳಗೆ ಹೋದಾಗ ಗಂಡ ಹೆಂಡತಿ ಇಬ್ಬರು ಕೂತಿದ್ದರು. ಹೆಂಡತಿ ಆ ಫೋಟೋವನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು. ದೊಡ್ಡಮ್ಮ ನೀರಿನ ಲೋಟ ಇಡದೆ ಅಲ್ಲೇ ನಿಂತಳು.

“ಪಾಪ, ಏನೋ ಕಾಯಿಲೆ ಇರೋ ಹಾಗಿದೆ,” ಎಂದು ಆ ಹೆಂಗಸು ಫೋಟೋವನ್ನು ಮಗುಚಿಟ್ಟಳು.

“ಇಲ್ಲಮ್ಮಾ, ಅದು ಬರೀ ಜ್ವರ, ಈಗ ಒಳಗೆ ಕುಣೀತಿದ್ದಾಳೆ, ಒಂದು ಸಲ ನೋಡಿ,” ಎಂದು ದೊಡ್ಡಮ್ಮ ನಡುವೆ ಬಾಯಿ ಹಾಕಿದಳು. ಮೇಡಂ ಕಣ್ಣು ಕೆಂಪಗೆ ಮಾಡಿ ಹೊರಗೆ ಕಳಿಸಿದಳು. ಆ ದಂಪತಿ ಕಾಲ್ಬೆರಳು ನೋಡುತ್ತಿದ್ದ ಮಗುವನ್ನು ಕರೆದುಕೊಂಡು ಹೋದರು.

ದೊಡ್ಡ ಮಕ್ಕಳ ಮನೆಯ ವ್ಯಾನು ಬಂದಾಗ ಬುಗುರಿ ಅದರ ಸುತ್ತ ಓಡಿದಳು. ಡ್ರೈವರ್ ಅವಳನ್ನು ಎತ್ತಿ ಒಳಗೆ ಕೂರಿಸಿ ಬಾಗಿಲು ಹಾಕಿದ. ಅಂದು ಫೋಟೋ ಮಾವ ಬರಲಿಲ್ಲ. ಆಮೇಲೂ ಬರಲಿಲ್ಲ. ಮೇಡಂ ಬೇರೆಯವನನ್ನು ಗೊತ್ತುಮಾಡಿದಳು.

ದೊಡ್ಡಮ್ಮ ಹುಡುಕಿಕೊಂಡು ಹೋದಾಗ ಅವನು ಗೂಡನ್ನು ಖಾಲಿ ಮಾಡುತ್ತಿದ್ದ. ಎಲ್ಲಿಗೆ ಎಂದರೆ ಗೊತ್ತಿಲ್ಲ ಎಂದ. ಅವಳಿಗೆ ಸ್ಟೂಲು ಕೊಟ್ಟು ತಾನು ನೆಲದ ಮೇಲೆ ಕೂತ. ಬುಗುರಿಯ ಫೋಟೋಗಳನ್ನು ಹರಡಿಕೊಂಡಿದ್ದ, ಒಂದರಲ್ಲೂ ಮುಖವಿರಲಿಲ್ಲ. ಜ್ವರದ್ದನ್ನು ಹರಿದುಹಾಕಿದ್ದ.

“ಕಣ್ಣು ಮುಚ್ಚಿದ್ರೂ ಇದೇ ಬರತ್ತೆ ದೊಡ್ಡಮ್ಮ, ಈ ಉಜ್ಜಿದ ಬಣ್ಣ. ಲೆನ್ಸ್ ಇಲ್ದೆ ನಾನು ಅವಳನ್ನ ಒಂದು ದಿನಾನೂ ನೋಡ್ಲಿಲ್ಲ. ನೀವು ದಿನಾ ತಲೆ ಬಾಚ್ತಿದ್ರಲ್ಲ, ನಿಮಗೆ ನೆನಪಿರತ್ತೆ. ನಗೋವಾಗ ಅವಳ ಮುಖ ಹೇಗಾಗ್ತಿತ್ತು? ಸ್ವಲ್ಪ ನಿಧಾನಕ್ಕೆ ಹೇಳಿ.”