ಅಕ್ಕನ ಫಿಲ್ಮಿನಲ್ಲಿ ಕಂಡ ಗ್ರಹಣ

ಡಾಕ್ಟರು ಕೇಳಿದಾಗ ನಾನು ನಿಜ ಹೇಳಲಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು, ದೇವರ ಹಿಪ್ಪರಗಿಯಲ್ಲಿ ಬಟ್ಟೆ ಹೊಲಿಯುವವನು ನಾನು. ದೆವ್ವ, ಶಕುನ ಎಂದವರನ್ನು ನಕ್ಕು ಕಳಿಸುತ್ತಿದ್ದೆ.

ಗಂಡ ತೀರಿದ ಮೇಲೆ ಅಕ್ಕ ನನ್ನ ಮನೆಯಲ್ಲೇ ಇದ್ದಳು. ಮುಟ್ಟು ನಿಂತು ಮೂರು ವರ್ಷವಾಗಿತ್ತು. ಕಿಬ್ಬೊಟ್ಟೆ ಭಾರ ಎಂದಳೆಂದು ಸಿಂದಗಿಯಲ್ಲಿ ಸ್ಕ್ಯಾನ್ ಮಾಡಿಸಿದೆ. ಗರ್ಭಕೋಶದಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ ಇದೆ, ಸಾದಾ ಇದ್ದಂತಿದೆ, ಆರು ತಿಂಗಳ ಮೇಲೆ ಮತ್ತೆ ಬನ್ನಿ, ಹೋಲಿಸಿ ನೋಡಲು ಈ ಸ್ಕ್ಯಾನ್ ಫಿಲ್ಮ್ ತನ್ನಿ ಎಂದು ಡಾಕ್ಟರು ನನ್ನೊಬ್ಬನಿಗೇ ಹೇಳಿದರು. ಅಕ್ಕನಿಗೆ ನಾನು ಸಾದಾ ಗಡ್ಡೆ ಎಂದಷ್ಟೇ ತಿಳಿಸಿದೆ.

ಅಷ್ಟರಲ್ಲಿ ಸೂರ್ಯಗ್ರಹಣ ಬಂತು. ಕರಿ ಫಿಲ್ಮಿನಿಂದ ನೋಡಿದರೆ ಕಣ್ಣು ಕೆಡುವುದಿಲ್ಲವೆಂದು ನಂಬಿದ್ದೆವು. ಅಂಗಡಿ ಮುಂದೆ ಸೇರಿದವರಿಗೆಲ್ಲ ಅಕ್ಕನ ಫಿಲ್ಮನ್ನೇ ಕತ್ತರಿಸಿ ಹಂಚಿದೆ. ಗಡ್ಡೆ ಇದ್ದ ತುಂಡು ನನಗೆ ಉಳಿಯಿತು. ಕಣ್ಣಿಗೆ ಹಿಡಿದೆ. ಆ ಗಡ್ಡೆ ಹಿಗ್ಗುತ್ತಾ ಹೋಗಿ ಸೂರ್ಯನನ್ನು ಪೂರ್ತಿ ಮುಚ್ಚಿತು.

"ಮುಳುಗೇ ಬಿಟ್ಟನಲ್ಲೋ!" ಎಂದೆ.

ಚಹಾದಂಗಡಿಯ ಮಲ್ಲಪ್ಪ ಅದೇ ತುಂಡು ಕಸಿದು ನೋಡಿ, "ಎಲ್ಲಿ ಮುಳುಗ್ಯಾನೋ ಟೇಲರ್? ಅರ್ಧಾ ಹಂಗ ಅದಾನ. ಸೂಜಿ ಪೋಣಿಸಿ ಕಣ್ಣ ಹೋಗ್ಯಾವ ನಿನ್ನೂ" ಎಂದು ನಕ್ಕ.

ಆಗ ಅಂಗಡಿಯ ಹಿಂದಿನ ಮನೆಯೊಳಗಿನಿಂದ ಅಕ್ಕನ ದನಿ: "ತಮ್ಮಾ, ಅದನ್ನ ಇಳಸೋ, ನನ್ನ ಹೊಟ್ಟ್ಯಾಗ ಕತ್ತಲಿ ತುಂಬಾಕತ್ತೈತಿ!"

ಓಡಿದೆ. ಗ್ರಹಣದಲ್ಲಿ ಮಲಗಬಾರದು ಎನ್ನುತ್ತಿದ್ದವಳು ಗಾಢ ನಿದ್ದೆಯಲ್ಲಿದ್ದಳು. ಮಲ್ಲಪ್ಪನಿಗೆ ಏನೂ ಕೇಳಿಸಿರಲಿಲ್ಲ.

ಆರು ತಿಂಗಳಿಗೆ ಹೋದಾಗ ಹೊಸ ಡಾಕ್ಟರು ಬಂದಿದ್ದರು. ಗಡ್ಡೆ ಮೋಸಂಬಿಯಷ್ಟಾಗಿದ್ದ ಹೊಸ ಫಿಲ್ಮ್ ಬೆಳಕಿಗೆ ಹಿಡಿದು, "ಒಂದ ಚಿತ್ರ ನೋಡಿ ಸಾದಾನೋ ಕೆಟ್ಟದ್ದೋ ಹೇಳಾಕ ಬರೂದಿಲ್ಲಪಾ. ಮುಟ್ಟು ನಿಂತ ಮ್ಯಾಲೂ ಬೆಳದಿದ್ರ ಬಿಡಂಗಿಲ್ಲ, ಲಗೂನ ತಗೀಬೇಕು. ಹಳೇದು ಎಲ್ಲೈತಿ?" ಎಂದರು.

ಪಕ್ಕದಲ್ಲಿ ಅಕ್ಕ ಇದ್ದಳು. "ಬಸ್ಸಿನ್ಯಾಗ ಕಳೀತ್ರಿ. ಆವಾಗೂ ಇಷ್ಟ ಇತ್ರಿ" ಎಂದೆ.

"ಹಂಗಾದ್ರ ಕಾಯೋಣು" ಎಂದರು.

ಜೋಳದ ರಾಶಿಯ ಹೊತ್ತಿಗೆ ಅಕ್ಕನ ನೋವು ಹೆಚ್ಚಿ, ಸೊಲ್ಲಾಪುರದ ಆಸ್ಪತ್ರೆಯಲ್ಲಿ ಹೊಟ್ಟೆ ತೆರೆದು, ಹಾಗೆಯೇ ಹೊಲಿದರು. ಕ್ಯಾನ್ಸರ್ ಎಲ್ಲ ಕಡೆ ಹರಡಿತ್ತು.

ಗ್ರಹಣದ ದಿನ ನಾನು ಕಂಡದ್ದೇನು, ಕೇಳಿದ್ದೇನು, ಇಂದಿಗೂ ತಿಳಿದಿಲ್ಲ. ಕಣ್ಣು, ಕಿವಿ ಮೋಸ ಮಾಡಿರಬಹುದು. ಡಾಕ್ಟರ ಮುಂದೆ ಸುಳ್ಳು ಹೇಳಿದ್ದು ಮಾತ್ರ ನನ್ನ ಬಾಯಿ. ಅದಕ್ಕೆ ಯಾವ ದೆವ್ವವೂ ಬೇಕಿರಲಿಲ್ಲ.

ಸೊಲ್ಲಾಪುರದ ವಾರ್ಡಿನಲ್ಲಿ ಎಚ್ಚರವಾದ ಅಕ್ಕ, "ಸಾದಾ ಗಡ್ಡಿ ಅಂದಿದ್ರಲ್ಲೋ ತಮ್ಮಾ?" ಎಂದು ಕೇಳಿದಳು. ಅವಳ ಕಾಲ ಬಳಿ ಕೂತು, ಅಕ್ಕಪಕ್ಕದವರಿಗೂ ಕೇಳುವಂತೆ ಹೇಳಿದೆ:

"ಅಕ್ಕಾ, ಮೊದಲ ಸಣ್ಣದಿತ್ತು. ಆ ಫಿಲ್ಮ್ ನಾನ ಕತ್ತರಿಸಿದ್ನಿ. ನೀ ಬೈತಿ ಅಂತ ಸುಳ್ಳ ಹೇಳಿದ್ನಿ. ತಪ್ಪಾತವಾ, ನನ್ನ ತಪ್ಪಾತು."