ಖಾಲಿ ಬಿಟ್ಟ ಎಡಬದಿ

ಮಿನ್ನೆಸೋಟಾದ ಡೈರಿಯೊಂದರಲ್ಲಿ ದುಡಿಯುವ ಆರ್ವಿಡ್ ಇಪ್ಪತ್ತು ವರ್ಷದಿಂದ ಊರಿನ ಬೇಸ್‌ಬಾಲ್ ತಂಡದಲ್ಲಿದ್ದ. ಎಡಗೈ ಆಟಗಾರ, ಎಂಥ ಚೆಂಡು ಬಂದರೂ ಬಲಕ್ಕೇ ಬಾರಿಸುತ್ತಿದ್ದ. ಇದು ಸುತ್ತಲ ಊರಿಗೆಲ್ಲ ಗೊತ್ತು. ಅವನು ಬ್ಯಾಟು ಹಿಡಿದರೆ ಎದುರಾಳಿಗಳು ಎಡಬದಿಯನ್ನು ಖಾಲಿ ಬಿಟ್ಟು ಬಲಕ್ಕೆ ಗುಂಪುಗೂಡುತ್ತಿದ್ದರು.

"ಆ ಕಡೆ ದನ ಮೇಯಿಸಬಹುದು, ಅಷ್ಟು ಜಾಗ ಬಿದ್ದಿದೆ. ಒಂದ್ಸಲ ಮೆಲ್ಲಗೆ ತಳ್ಳೋಕೇನು ಧಾಡಿ ನಿಂಗೆ?" ಎನ್ನುತ್ತಿದ್ದಳು ಹೆಂಡತಿ ಲೋರ್ನಾ.

"ತಳ್ಳೋದು ಕೈಲಾಗದವರ ಕೆಲಸ ಕಣೆ."

ಆ ಭಾನುವಾರ ತರಬೇತುದಾರ ಖಡಾಖಂಡಿತವಾಗಿ ಹೇಳಿದ್ದ: ಇವತ್ತೂ ಬರಿಗೈಯಾದರೆ ತಂಡದಲ್ಲಿ ಜಾಗವಿಲ್ಲ. ಮೊದಲೆರಡು ಸರದಿಯಲ್ಲೂ ಆರ್ವಿಡ್‌ನ ಚೆಂಡು ಬಲಗಡೆಯ ಗುಂಪಿನ ಕೈಗೇ ಹೋಯಿತು. ಮೂರನೆಯ ಸರದಿಗೆ ಅವನು ಹಲ್ಲು ಕಚ್ಚಿ, ಬ್ಯಾಟನ್ನು ಅಡ್ಡ ಹಿಡಿದು, ಚೆಂಡನ್ನು ಎಡಕ್ಕೆ ತಳ್ಳಿದ. ಅದು ಹುಲ್ಲಿನಲ್ಲಿ ಉರುಳುತ್ತ ಹೋಯಿತು. ಎತ್ತಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಚೆಂಡು ಬರುವ ಮುಂಚೆ ತಲುಪಬೇಕಾದ ಮೊದಲ ಬೇಸನ್ನು ನಡೆದೇ ಮುಟ್ಟಬಹುದಿತ್ತು, ಆದರೂ ಓಡಿದ.

"ಇದಕ್ಕೆ ಇಪ್ಪತ್ತು ವರ್ಷ ಬೇಕಾಯ್ತೇನೋ, ಮುದುಕಪ್ಪ?" ಬೇಸ್ ಕಾಯುತ್ತಿದ್ದ ಎದುರಾಳಿ ವೆಂಡೆಲ್ ನಕ್ಕ.

ಕೊನೆಯ ಸರದಿಗೆ ಎದುರಾಳಿಗಳಲ್ಲಿ ಇಬ್ಬರು ಎಡಕ್ಕೆ ಮರಳಿ ನಿಂತರು. ಬಲಗಡೆ ಸಂದಿ ಬಿಟ್ಟಿತು. ಆರ್ವಿಡ್ ತನ್ನ ಹಳೆಯ ಹೊಡೆತವನ್ನೇ ಹೊಡೆದು ಚೆಂಡನ್ನು ಆ ಸಂದಿಯಲ್ಲಿ ದಾಟಿಸಿದ.

ಮುಂದಿನ ಭಾನುವಾರದ ಪಟ್ಟಿಯಲ್ಲಿ ಅವನ ಹೆಸರು ಎಂದಿನ ಜಾಗದಲ್ಲೇ ಇತ್ತು.